ಬ್ಲಾಕ್ ಬಿರುಕು ಬಿಟ್ಟಿದೆ: ಹೊಲಿಸುವುದೋ, ಬದಲಾಯಿಸುವುದೋ?

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್ ಸರಕು ವಾಹನ. ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು, ಬೀಡಿನದು (ಎರಕದ ಕಬ್ಬಿಣದ್ದು). 2,10,000 ಕಿ.ಮೀ. ಓಡಿದೆ. ಎರಡು ತಿಂಗಳ ಹಿಂದೆ ರೇಡಿಯೇಟರಿನ ಕೆಳಗಿನ ಹೋಸ್ ದಾರಿಯಲ್ಲೇ ಸೀಳಿ ಕೂಲೆಂಟ್ ಪೂರ್ತಿ ಸೋರಿಹೋಯಿತು. ಟೆಂಪರೇಚರ್ ಮುಳ್ಳು ಕೆಂಪಿನವರೆಗೆ ಏರಿ, ಆಮೇಲೆ ತಾನಾಗಿ ಕೆಳಗಿಳಿಯಿತು. ಸರಿಹೋಯಿತೆಂದುಕೊಂಡು ಇನ್ನೂ ಮೂರ್ನಾಲ್ಕು ಕಿ.ಮೀ. ಓಡಿಸಿದೆ. ಎಂಜಿನ್ ಎಳೆಯದಾದಾಗ ನಿಲ್ಲಿಸಿ, ಕ್ಯಾನಿನಲ್ಲಿದ್ದ ತಣ್ಣೀರನ್ನೆಲ್ಲ ಸುರಿದೆ. ಆಮೇಲೆ ಹೆಡ್ (ಬ್ಲಾಕಿನ ಮೇಲೆ ಕೂರುವ ಮುಚ್ಚಳ) ಫೇಸಿಂಗ್ ಮಾಡಿಸಿ ಗ್ಯಾಸ್ಕೆಟ್ ಬದಲಾಯಿಸಿದ್ದೇನೆ. ಆದರೂ ದಿನಕ್ಕೆ ಅರ್ಧ ಲೀಟರ್ ಕೂಲೆಂಟ್ ಕಡಿಮೆಯಾಗುತ್ತಿದೆ, ಆಯಿಲ್ ಹಾಲು ಬೆರೆತಂತಿದೆ. ಬ್ಲಾಕಿನ ಹೊರಮೈಯಲ್ಲಿ ಸುಮಾರು 10 ಸೆಂ.ಮೀ. ಉದ್ದದ ಕೂದಲೆಳೆ ಗೆರೆ, ಅದರುದ್ದಕ್ಕೂ ತುಕ್ಕಿನ ಕಲೆ. ಒಬ್ಬರು ವೆಲ್ಡ್ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಬೀಡು ವೆಲ್ಡ್ ಆಗುವುದಿಲ್ಲ, ಬ್ಲಾಕನ್ನು ಗುಜರಿಗೆ ಹಾಕಿ ಎನ್ನುತ್ತಾರೆ. ಬಿಡಿಭಾಗದ ಅಂಗಡಿಯವರು ಒಂದು ಬಾಟಲಿ ಸೀಲರ್ ಸುರಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರು ಮೂರು ಮಾತು ಹೇಳಿದ್ದಾರೆ, ಆದರೆ ಮೂವರೂ ನೋಡಿದ್ದು ಅದೇ ಒಂದು ಗೆರೆ. ನಿಮ್ಮ ಪ್ರಶ್ನೆ ಓದುವಾಗ ನಾನು ನಿಂತದ್ದು ಆಯಿಲಿನ ಬಣ್ಣದ ಹತ್ತಿರ. ಬ್ಲಾಕಿನ ಹೊರಗೋಡೆಯಲ್ಲಿ ಬಿರುಕಿದ್ದರೆ ಕೂಲೆಂಟ್ ಹೊರಗೆ, ನೆಲಕ್ಕೆ ಸೋರಬೇಕು. ಅಲ್ಲಿಂದ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯಲು ಅದಕ್ಕೆ ಸಾಮಾನ್ಯವಾಗಿ ದಾರಿಯೇ ಇರುವುದಿಲ್ಲ. ಆಯಿಲ್ ಹಾಲಾಗಿದೆ ಎಂದರೆ ಒಳಗೆಲ್ಲೋ ಇನ್ನೊಂದು ಸೋರಿಕೆ ಇದೆ.

ಅಂದರೆ ನಿಮ್ಮ ಎಂಜಿನ್ನಿಗೆ ಎರಡು ಕಾಯಿಲೆ. ಕಣ್ಣಿಗೆ ಕಾಣುವುದು ಒಂದು, ಎಂಜಿನ್ನನ್ನು ನಿಜವಾಗಿ ತಿನ್ನುತ್ತಿರುವುದು ಇನ್ನೊಂದು. ಆ ಎರಡನೆಯದು ಎಲ್ಲಿದೆ ಎಂದು ಗೊತ್ತಾಗುವ ಮೊದಲು ಬ್ಲಾಕ್ ಹೊಲಿಸಿದರೂ (ಬಿರುಕಿಗೆ ಲೋಹದ ಪಿನ್ ಬಿಗಿದು ಮುಚ್ಚಿಸಿದರೂ) ದುಡ್ಡು ದಂಡ, ಬ್ಲಾಕ್ ಬಿಸಾಡಿದರೂ ದುಡ್ಡು ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ಮೊದಲು ಆ ದಿನ ಏನಾಯಿತು ಎಂದು ಹೇಳುತ್ತೇನೆ. ಮುಂದಿನ ಲೆಕ್ಕಕ್ಕೆ ಅದು ಬೇಕು.

ಮುಳ್ಳು ಕೆಳಗಿಳಿದದ್ದು ಎಂಜಿನ್ ತಣ್ಣಗಾದದ್ದಕ್ಕಲ್ಲ. ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಶಾಖ ತೋರಿಸುತ್ತದೆ. ಕೂಲೆಂಟ್ ಖಾಲಿಯಾಗಿ ಅದರ ತುದಿ ಬರೀ ಗಾಳಿ, ಹಬೆಯಲ್ಲಿ ನಿಂತರೆ, ಸುತ್ತಲ ಲೋಹ ಸುಡುತ್ತಿದ್ದರೂ ಮುಳ್ಳು ಇಳಿಯಬಹುದು. ಏರಿದ ಮುಳ್ಳಿಗಿಂತ ಏರಿ ಇಳಿದ ಮುಳ್ಳು ಹೆಚ್ಚು ಅಪಾಯದ ಸೂಚನೆ. ಇದಕ್ಕೆ ನಿಮ್ಮನ್ನು ದೂರುವುದಿಲ್ಲ. ಅನುಭವಿ ಡ್ರೈವರುಗಳೇ ಇದಕ್ಕೆ ಮೋಸಹೋಗಿ ಎಂಜಿನ್ ಹೊತ್ತು ನನ್ನ ಹತ್ತಿರ ಬಂದಿದ್ದಾರೆ.

ಆಮೇಲೆ ತಣ್ಣೀರು. ಬೀಡು ಎಂದರೆ ಸುಮಾರು ಶೇ. 3ರಷ್ಟು ಇಂಗಾಲ ಇರುವ ಕಬ್ಬಿಣ. ಆ ಇಂಗಾಲದ ಬಹುಪಾಲು ಗ್ರಾಫೈಟಿನ ತೆಳು ಚಕ್ಕೆಗಳಾಗಿ ಲೋಹದ ತುಂಬ ಹರಡಿಕೊಂಡಿರುತ್ತದೆ. ಬೀಡು ಚೆನ್ನಾಗಿ ಎರಕಕ್ಕೆ ಬರುವುದು, ಸಿಲಿಂಡರಿನಲ್ಲಿ ಸವೆತ ತಡೆದುಕೊಳ್ಳುವುದು, ಅದುರಾಟ ನುಂಗಿಕೊಳ್ಳುವುದು ಈ ಚಕ್ಕೆಗಳಿಂದಲೇ. ಆದರೆ ಎಳೆತಕ್ಕೆ ಸಿಕ್ಕಾಗ ಅದೇ ಚಕ್ಕೆಗಳ ಅಂಚಿನಿಂದ ಬಿರುಕು ಹೊರಡುತ್ತದೆ. ಒತ್ತಿದರೆ ಬೀಡು ಬಂಡೆ, ಎಳೆದರೆ ಹಪ್ಪಳ. ಕಾದ ಬ್ಲಾಕಿಗೆ ತಣ್ಣೀರು ಬಿದ್ದಾಗ ನೀರು ತಾಗಿದ ಮೈ ಥಟ್ಟನೆ ಕುಗ್ಗಲು ನೋಡುತ್ತದೆ, ಹಿಂದಿನ ದಪ್ಪ ಲೋಹ ಇನ್ನೂ ಹಿಗ್ಗಿಕೊಂಡೇ ಇರುತ್ತದೆ. ಈ ಜಗ್ಗಾಟದಲ್ಲಿ ತೆಳ್ಳಗಿರುವ ಜಾಗ ಹರಿಯುತ್ತದೆ. ನೀರಿನ ಜಾಕೆಟ್ಟಿನ (ಸಿಲಿಂಡರುಗಳ ಸುತ್ತ ಕೂಲೆಂಟ್ ಹರಿಯುವ ಟೊಳ್ಳಿನ) ಹೊರಗೋಡೆ ಹಲವು ಬ್ಲಾಕುಗಳಲ್ಲಿ 4ರಿಂದ 6 ಮಿ.ಮೀ. ದಪ್ಪ ಇದ್ದರೆ ಹೆಚ್ಚು. ನಿಮ್ಮ ಗೆರೆ ಬಂದದ್ದು ಅಲ್ಲೇ. ಬರೀ ನೀರು ತುಂಬಿದ ಎಂಜಿನ್ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತಾಗಲೂ ಹೆಚ್ಚಾಗಿ ಇದೇ ಗೋಡೆ ಒಡೆಯುತ್ತದೆ, ನೀರು ಹಿಮವಾದಾಗ ಶೇ. 9ರಷ್ಟು ಹಿಗ್ಗುವುದರಿಂದ. ಬ್ಲಾಕಿನ ಬದಿಯಲ್ಲಿರುವ ದುಂಡು ಮುಚ್ಚಳಗಳು ಹೊರಚಿಮ್ಮಿ ಬ್ಲಾಕನ್ನು ಉಳಿಸುತ್ತವೆ ಎಂದು ನಂಬುವವರಿದ್ದಾರೆ. ಅವು ಇರುವುದು ಎರಕದ ಒಳಗಿನ ಮರಳು ತೆಗೆಯಲು ಬಿಟ್ಟ ತೂತು ಮುಚ್ಚಲಿಕ್ಕೆ. ಒಮ್ಮೊಮ್ಮೆ ಚಿಮ್ಮಿ ಬ್ಲಾಕ್ ಉಳಿದರೆ ಅದು ಅದೃಷ್ಟ.

ಈಗ ಎರಡನೆಯ ಸೋರಿಕೆ. ಬ್ಲಾಕ್ ಬಿಟ್ಟು ಇದು ಇರಬಹುದಾದ ಜಾಗಗಳು ಬೇಕಷ್ಟಿವೆ. ಮೊದಲ ಅನುಮಾನ ಹೆಡ್ಡಿನ ಮೇಲೆ. ನೀವು ಹೆಡ್ ಫೇಸಿಂಗ್ ಮಾಡಿಸಿದ್ದೀರಿ, ಪ್ರೆಷರ್ ಟೆಸ್ಟ್ ಮಾಡಿಸಿದ್ದೀರಾ? ನೀವು ಬರೆದದ್ದರಲ್ಲಿ ಅದಿಲ್ಲ. ಫೇಸಿಂಗ್‌ನಿಂದ ಹೆಡ್ ಸಮತಟ್ಟಾಗುತ್ತದೆ ಅಷ್ಟೆ, ಒಳಗಿನ ಬಿರುಕು ಗೊತ್ತಾಗುವುದಿಲ್ಲ. ಓವರ್‌ಹೀಟ್ ಆದ ಎಂಜಿನ್ನುಗಳಲ್ಲಿ ಬ್ಲಾಕಿಗಿಂತ ಮೊದಲು ಹೆಡ್ ಬಿರುಕು ಬಿಡುವುದನ್ನೇ ನಾನು ಹೆಚ್ಚು ಕಂಡಿದ್ದೇನೆ, ಅದರಲ್ಲೂ ಎರಡು ವಾಲ್ವ್ ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ. ಎರಡನೆಯದು ಆಯಿಲ್ ಕೂಲರ್. ಒಂದು ಪಕ್ಕ ಆಯಿಲ್, ಇನ್ನೊಂದು ಪಕ್ಕ ಕೂಲೆಂಟ್, ನಡುವೆ ತೆಳು ತಗಡು. ಮೂರನೆಯದು, ನಿಮ್ಮದು ವೆಟ್ ಲೈನರ್ ಎಂಜಿನ್ (ಸಿಲಿಂಡರಿನ ಗೋಡೆ ಬೇರೆಯಾಗಿ ಕೂರಿಸಿದ ಕೊಳವೆಯಾಗಿದ್ದು, ಅದರ ಹೊರಮೈಗೆ ಕೂಲೆಂಟ್ ತಾಗುವ ಬಗೆ) ಆಗಿದ್ದರೆ, ಲೈನರಿನ ಬುಡದ ರಬ್ಬರ್ ರಿಂಗ್‌ಗಳು. ಅಷ್ಟು ಶಾಖ ತಿಂದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಇವೆಲ್ಲ ಆದಮೇಲೆ ಬರುವುದು ಸಿಲಿಂಡರ್ ಗೋಡೆಯ ಬಿರುಕು.

ಹುಡುಕುವ ದಾರಿ ಕಷ್ಟದ್ದಲ್ಲ, ತಾಳ್ಮೆ ಬೇಕು. ಸಂಪ್ ಬಿಚ್ಚಿ, ರೇಡಿಯೇಟರ್ ಕ್ಯಾಪಿನ ಜಾಗಕ್ಕೆ ಕೈಪಂಪ್ ಕಟ್ಟಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಅಂದರೆ ಹೆಚ್ಚುಕಡಿಮೆ 1 ಬಾರ್, ಕೆಳಗೆ ದೀಪ ಹಿಡಿದು ಮಲಗಬೇಕು.

ಇಂಥದ್ದೇ ಒಂದು ಎಂಜಿನ್ ಕೆಳಗೆ ನಾನು ಮಲಗಿದ್ದು ನೆನಪಿದೆ. ಎರಡು ಕಡೆ ತೋರಿಸಿ, ಬ್ಲಾಕ್ ಹೋಗಿದೆ ಎನಿಸಿಕೊಂಡು ಬಂದಿತ್ತು. ಮಾಲೀಕರು ಹಳೆ ಎಂಜಿನ್ನಿಗೆ ಮುಂಗಡವನ್ನೂ ಕೊಟ್ಟಿದ್ದರು. ಪಂಪ್ ಒತ್ತಿ ಮುಳ್ಳು ನಿಲ್ಲಿಸಿದೆವು. ಹತ್ತು ನಿಮಿಷ ಏನೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಗೇಜಿನ ಮುಳ್ಳು ಕೂದಲಷ್ಟು ಇಳಿದಿತ್ತು, ನಾಲ್ಕೂ ಸಿಲಿಂಡರಿನ ಬುಡ ಮಾತ್ರ ಒಣಗಿಯೇ ಇತ್ತು. ಮತ್ತೆ ಸ್ವಲ್ಪ ಹೊತ್ತಿಗೆ, ಕ್ರ್ಯಾಂಕ್ ಎಂಬ ತಿರುಗುವ ಮುಖ್ಯ ದಂಡವನ್ನು ಹಿಡಿದಿರುವ ಮೇನ್ ಬೇರಿಂಗ್ ಕ್ಯಾಪಿನ ಅಂಚಿನಲ್ಲಿ ಹಸಿರು ಹನಿಯೊಂದು ಕೂತುಕೊಂಡು, ದಪ್ಪವಾಗಿ, ನನ್ನ ಕೆನ್ನೆಯ ಮೇಲೆ ಬಿತ್ತು. ಪಕ್ಕದಲ್ಲಿದ್ದ ಹುಡುಗ ಬ್ಲಾಕ್ ಸೀಳಿದೆ ಎಂದು ಕೂಗಿಯೇಬಿಟ್ಟ. ಆ ಹನಿ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಬೇರಿಂಗಿನ ಆಯಿಲ್ ತೂತು, ಅಲ್ಲಿಂದ ಆಯಿಲ್ ಗ್ಯಾಲರಿ (ಬ್ಲಾಕಿನೊಳಗೆ ಆಯಿಲ್ ಹರಿಯುವ ಕಾಲುವೆ), ಗ್ಯಾಲರಿಯ ಆ ತುದಿಯಲ್ಲಿ ಆಯಿಲ್ ಕೂಲರ್! ಕೂಲರ್ ಬಿಚ್ಚಿ ಬಕೆಟ್ ನೀರಿನಲ್ಲಿ ಮುಳುಗಿಸಿ ಗಾಳಿ ಕೊಟ್ಟಾಗ ಒಂದೇ ಕಡೆಯಿಂದ ಗುಳ್ಳೆಗಳ ಸಾಲು ಎದ್ದಿತು. ಆ ಬ್ಲಾಕಿಗೆ ಏನೂ ಆಗಿರಲಿಲ್ಲ.

ಹಾಗಾಗಿ ಹನಿ ಎಲ್ಲಿ ಬಿತ್ತು ಎಂಬುದರ ಜೊತೆ ಎಲ್ಲಿಂದ ಹೊರಟಿತು ಎಂಬುದನ್ನೂ ನೋಡಿ. ಲೈನರಿನ ಹೊರಸುತ್ತಿನಿಂದ ಇಳಿದರೆ ರಬ್ಬರ್ ರಿಂಗ್. ಸಿಲಿಂಡರಿನ ಒಳಮೈಯಿಂದ, ಪಿಸ್ಟನ್ ಪಕ್ಕದಲ್ಲಿ ಇಳಿದರೆ ಮೇಲೆ ಹೆಡ್ಡು, ಗ್ಯಾಸ್ಕೆಟ್ ಇಲ್ಲವೇ ಸಿಲಿಂಡರ್ ಗೋಡೆ. ಎಂಜಿನ್ ಓಡುವಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಬಂದರೆ, ನೀಲಿ ದ್ರಾವಣದ ಪರೀಕ್ಷಕದಲ್ಲಿ ಆ ಗಾಳಿ ಹಾಯಿಸಿದಾಗ ನೀಲಿ ಬಣ್ಣ ಹಸಿರಿಗೋ ಹಳದಿಗೋ ತಿರುಗಿದರೆ, ದಹನದ ಅನಿಲ ಕೂಲೆಂಟಿಗೆ ಸೇರುತ್ತಿದೆ ಎಂದರ್ಥ. ಆ ಪರೀಕ್ಷೆ ಒಳ್ಳೆಯದೇ, ಆದರೆ ಈಗಿನ ಸ್ಥಿತಿಯಲ್ಲಿ ಅದಕ್ಕಾಗಿ ನಿಮ್ಮ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಹೊರಗಿನ ಗೆರೆಗೂ ಒಂದು ಪರೀಕ್ಷೆ ಬೇಕು, ಅದು ನಿಜಕ್ಕೂ ಎಷ್ಟು ಉದ್ದವಿದೆ ಎಂದು ತಿಳಿಯಲು. ಕಣ್ಣಿಗೆ 10 ಸೆಂ.ಮೀ. ಕಂಡದ್ದು ಒಳಗೆ 14 ಇರಬಹುದು. ಬೀಡಿಗೆ ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಉತ್ತಮ. ಬಲವಾದ ಅಯಸ್ಕಾಂತದ ಎರಡು ಕಾಲುಗಳನ್ನು ಬ್ಲಾಕಿನ ಮೇಲಿಟ್ಟು ಸಣ್ಣ ಕಬ್ಬಿಣದ ಪುಡಿ ಊದಿದರೆ, ಪುಡಿ ಬಿರುಕಿನ ಮೇಲೆ ಇರುವೆ ಸಾಲಿನ ಹಾಗೆ ನಿಂತುಕೊಳ್ಳುತ್ತದೆ. ಅಯಸ್ಕಾಂತದ ದಿಕ್ಕನ್ನು ಅಡ್ಡ ತಿರುಗಿಸಿ ಇನ್ನೊಮ್ಮೆ ನೋಡಿಸಿ. ಒಂದು ಕಾಲಿನಿಂದ ಇನ್ನೊಂದು ಕಾಲಿನ ಕಡೆಗೆ ಉದ್ದಕ್ಕೆ ಹೋಗುವ ಬಿರುಕು ಒಂದೇ ದಿಕ್ಕಿನಲ್ಲಿ ಹಿಡಿದರೆ ತಪ್ಪಿಸಿಕೊಳ್ಳುತ್ತದೆ.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಬರಬಹುದು. ಬ್ಲಾಕ್ ಉಳಿಸುವುದೋ ಬಿಡುವುದೋ ಎಂಬುದನ್ನು ನಾನು ತೀರ್ಮಾನಿಸುವುದು ಬಿರುಕಿನ ಉದ್ದ ನೋಡಿ ಅಲ್ಲ. ಅದು ಕೂತಿರುವ ಜಾಗ ಎಷ್ಟು ಭಾರ ಹೊರುತ್ತದೆ ಎಂದು ನೋಡಿ. ಹೊರಗೋಡೆಯ ಹಿಂದೆ ಇರುವುದು 1 ಬಾರ್ ಆಸುಪಾಸಿನ ಕೂಲೆಂಟ್ ಒತ್ತಡ, ಯಂತ್ರದ ಭಾರವನ್ನು ಅದು ಹೆಚ್ಚೇನೂ ಹೊರುವುದಿಲ್ಲ. ಆಯಿಲ್ ಗ್ಯಾಲರಿಯಲ್ಲಿ 3ರಿಂದ 5 ಬಾರ್. ಸಿಲಿಂಡರಿನೊಳಗೆ, ಇಂದಿನ ಟರ್ಬೊ ಡೀಸೆಲ್‌ಗಳಲ್ಲಿ, ಪ್ರತಿ ಹೊಡೆತಕ್ಕೆ 150 ಬಾರ್ ದಾಟುವುದು ಸಾಮಾನ್ಯ. ಆ ಹೊಡೆತವೆಲ್ಲ ಕೊನೆಗೆ ಹೋಗಿ ನಿಲ್ಲುವುದು ಕ್ರ್ಯಾಂಕ್ ಹಿಡಿದಿರುವ ಮೇನ್ ಬೇರಿಂಗ್ ಗೋಡೆಗಳ ಮೇಲೆ. 20 ಸೆಂ.ಮೀ. ಬಿರುಕು ಹೊರಗೋಡೆಯಲ್ಲಿದ್ದರೆ ನಾನು ಧೈರ್ಯವಾಗಿ ಕೈ ಹಾಕುತ್ತೇನೆ. ಮೇನ್ ಬೇರಿಂಗ್ ಗೋಡೆಯಲ್ಲಿ 2 ಸೆಂ.ಮೀ. ಕಂಡರೂ ಆ ಬ್ಲಾಕನ್ನು ಮುಟ್ಟುವುದಿಲ್ಲ, ಮಾಲೀಕರು ಎಷ್ಟು ಕೇಳಿಕೊಂಡರೂ. ಅದು ಓಡುವಾಗ ಕೈಕೊಟ್ಟರೆ ಕ್ರ್ಯಾಂಕ್ ಸಮೇತ ಎಲ್ಲವೂ ಹೋಗುತ್ತದೆ.

ಇವೆರಡರ ನಡುವೆ ಇರುವವು ಕಷ್ಟದ ಕೇಸುಗಳು. ಸಿಲಿಂಡರ್ ಗೋಡೆಯ ಬಿರುಕಿಗೆ ಸ್ಲೀವ್ ಹಾಕಬಹುದು: ಬೋರನ್ನು (ಸಿಲಿಂಡರಿನ ತೂತನ್ನು) ದೊಡ್ಡದು ಮಾಡಿ, ತೆಳು ಗೋಡೆಯ ಹೊಸ ಲೈನರನ್ನು ಬಿಗಿಯಾಗಿ ಇಳಿಸಿ, ಮತ್ತೆ ಮೂಲ ಅಳತೆಗೆ ಬೋರಿಂಗ್, ಹೋನಿಂಗ್ (ಒಳಮೈ ಉಜ್ಜಿ ಹದಗೊಳಿಸುವುದು). ಒಳ್ಳೆಯ ಕೈಯಲ್ಲಿ ಇದು ಗಟ್ಟಿ ಕೆಲಸ, ಎಂಜಿನ್ನಿನ ಉಳಿದ ಆಯುಷ್ಯದವರೆಗೂ ಬಾಳುತ್ತದೆ. ಅಪಾಯ ಇರುವುದು ಎರಡು ಸಿಲಿಂಡರುಗಳ ನಡುವಿನ ಗೋಡೆ ತೆಳುವಾಗಿದ್ದರೆ. ಬೋರಿಂಗ್ ಮಾಡುವ ಮೊದಲು ಅಲ್ಟ್ರಾಸೋನಿಕ್ ಅಳತೆಯಲ್ಲಿ ಆ ಗೋಡೆ ಎಷ್ಟು ದಪ್ಪ ಇದೆ ಎಂದು ನೋಡಲೇಬೇಕು. ವೆಟ್ ಲೈನರ್ ಆಗಿದ್ದರೆ ಇದು ಇನ್ನೂ ಸುಲಭ, ಹಳೆ ಲೈನರ್ ಎಳೆದು ಹೊಸದು ಕೂರಿಸಿದರಾಯಿತು. ಲೈನರಿನ ಮೇಲಂಚು ಬ್ಲಾಕಿನ ಮೈಯಿಂದ ಎಷ್ಟು ಮೇಲಿದೆ ಎಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಅಳೆಯುವವರ ಕೈಲಿ ಮಾಡಿಸಿ. ಅದು ತಪ್ಪಿದರೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಬ್ಲಾಕಿನ ಮೇಲ್ಮೈಯಲ್ಲಿ ಹೆಡ್ ಬೋಲ್ಟಿನ ತೂತಿನಿಂದ ನೀರಿನ ತೂತಿಗೆ ಹೋಗುವ ಸಣ್ಣ ಬಿರುಕನ್ನು ಪಿನ್ ಹಾಕಿ ಉಳಿಸಿದ್ದೂ ಇದೆ, ಸೋತದ್ದೂ ಇದೆ. ಎರಡು ಬೋರುಗಳ ನಡುವಿನ ಸಣ್ಣ ಸೇತುವೆಯಲ್ಲಿ ಬಿರುಕಿದ್ದರೆ ನನ್ನ ಸಲಹೆ ಬ್ಲಾಕ್ ಬಿಡಿ ಎಂದೇ. ಇನ್ನು ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕಿನ ಪಕ್ಕದಲ್ಲಿ ಕಿಟಕಿ ತೆರೆದಿದ್ದರೆ, ದಿನಾ ದುಡಿಯುವ ವಾಹನಕ್ಕೆ ಅದರ ಮಾತೇ ಬೇಡ.

ಬೀಡು ವೆಲ್ಡ್ ಆಗುವುದಿಲ್ಲ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. 1917ರ ಏಪ್ರಿಲಿನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅದರ ಬಂದರುಗಳಲ್ಲಿ ಜರ್ಮನ್ ಹಡಗುಗಳು ಸಿಕ್ಕಿಕೊಂಡಿದ್ದವು. ಹಡಗು ಕೈಬಿಟ್ಟರೂ ವೈರಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಅವುಗಳ ಸಿಬ್ಬಂದಿ ಉಗಿ ಎಂಜಿನ್ನುಗಳ ಬೀಡಿನ ಸಿಲಿಂಡರುಗಳನ್ನು ಒಡೆದು ಹಾಕಿದ್ದರು. ಹೊಸದಾಗಿ ಎರಕ ಹೊಯ್ಯದೆ ಗತಿಯಿಲ್ಲ ಎಂಬುದು ಅವರ ಲೆಕ್ಕ. ಅಮೆರಿಕದ ನೌಕಾಪಡೆ ಆ ಒಡಕುಗಳನ್ನು ವಿದ್ಯುತ್ ವೆಲ್ಡಿಂಗಿನಿಂದಲೂ ಲೋಹದ ತೇಪೆಗಳಿಂದಲೂ ಕೂಡಿಸಿ, ಕೆಲವೇ ತಿಂಗಳಲ್ಲಿ ಅವೇ ಹಡಗುಗಳಲ್ಲಿ ತನ್ನ ಸೈನಿಕರನ್ನು ಯುರೋಪಿಗೆ ಸಾಗಿಸಿತು. ಹಾಗಾಗಿ ಬೀಡು ಕೂಡಿಸಲು ಬರುತ್ತದೆ ಎಂಬುದು ನೂರು ವರ್ಷ ಹಳೆಯ ಸುದ್ದಿ. ಹೇಗೆ ಕೂಡಿಸುತ್ತಾರೆ ಎಂಬುದೇ ಇಲ್ಲಿರುವ ಪ್ರಶ್ನೆ.

ವೆಲ್ಡಿಂಗ್ ಶಾಖಕ್ಕೆ ಕರಗಿದ ಬೀಡು ಬೇಗ ತಣ್ಣಗಾದರೆ ಅದರಲ್ಲಿನ ಇಂಗಾಲ ಮತ್ತೆ ಚಕ್ಕೆಯಾಗಲು ಪುರುಸೊತ್ತು ಸಿಗುವುದಿಲ್ಲ. ವೆಲ್ಡಿನ ಅಂಚಿನಲ್ಲಿ ಗಾಜಿನಷ್ಟು ಬಿರುಸಾದ ಪದರ ಉಳಿದುಬಿಡುತ್ತದೆ. ಬಯಲಲ್ಲಿ ಬ್ಲಾಕ್ ಇಟ್ಟು ಸಾಧಾರಣ ರಾಡಿನಲ್ಲಿ ಹೊಡೆದು ಹೋದವರು ಮನೆ ತಲುಪುವುದರೊಳಗೆ ಬ್ಲಾಕ್ ‘ಟಿಣ್’ ಎನ್ನುತ್ತದೆ. ಹೊಸ ಬಿರುಕು ವೆಲ್ಡಿನ ಮೇಲೆ ಬರುವುದಿಲ್ಲ, ಅದರ ಪಕ್ಕದಲ್ಲೇ ಉದ್ದಕ್ಕೆ ಓಡುತ್ತದೆ, ಮೊದಲಿನದಕ್ಕಿಂತ ಉದ್ದ. ಸರಿಯಾದ ಕ್ರಮದಲ್ಲಿ ಇಡೀ ಬ್ಲಾಕನ್ನು ಒಲೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ನಿಧಾನವಾಗಿ ಕಾಯಿಸಿ, ಬೀಡಿನ ರಾಡಿನಿಂದಲೇ ತುಂಬಿ, ಮತ್ತೆ ನಿಧಾನವಾಗಿ, ಒಂದು ದಿನಕ್ಕೂ ಮೇಲ್ಪಟ್ಟು, ಆರಿಸಬೇಕು. ಅಷ್ಟು ಶಾಖ ಕಂಡ ಬ್ಲಾಕಿನಲ್ಲಿ ಬೋರು, ಮೇನ್ ಬೇರಿಂಗ್ ಸಾಲು, ಮೇಲ್ಮೈ ಯಾವುದೂ ಮೊದಲಿನ ಅಳತೆಯಲ್ಲಿ ಉಳಿಯುವುದಿಲ್ಲ, ಎಲ್ಲವನ್ನೂ ಮತ್ತೆ ಮೆಷಿನಿಂಗ್ ಮಾಡಬೇಕು. ಅಪರೂಪದ ಹಳೆ ಎಂಜಿನ್ನಿಗೆ ಅದು ಸರಿ. ನಿಮ್ಮ ಗಾಡಿಗೆ ಮೂಗಿಗಿಂತ ಮೂಗುತಿ ಭಾರ. ನಿಕ್ಕಲ್ ರಾಡಿನಿಂದ ಬೆರಳಗಲದಷ್ಟೇ ಹೊಡೆದು, ಆರಲು ಬಿಟ್ಟು, ಸುತ್ತಿಗೆಯಿಂದ ತಟ್ಟುತ್ತ ಮುಂದುವರಿಯುವ ಇನ್ನೊಂದು ಕ್ರಮವಿದೆ. ಹೊರಗೋಡೆಗೆ ಅದನ್ನು ಮಾಡಿ ಗೆದ್ದವರಿದ್ದಾರೆ, ಆದರೆ ಆಯಿಲ್, ತುಕ್ಕು ಕುಡಿದ ಹಳೆ ಬೀಡಿನಲ್ಲಿ ಫಲಿತಾಂಶ ಜೂಜಿನ ಹಾಗೆ.

ನಿಮ್ಮ ಹೊರಗಿನ ಗೆರೆಗೆ ನಾನು ಹೇಳುವುದು ಸ್ಟಿಚಿಂಗ್, ಅಂದರೆ ಲೋಹದ ಹೊಲಿಗೆ. ಇದರಲ್ಲಿ ಶಾಖವೇ ಇಲ್ಲ, ಅದೇ ಇದರ ದೊಡ್ಡ ಗುಣ. ಬಿರುಕಿನ ಎರಡು ತುದಿ ಹುಡುಕಿ, ತುದಿಯಾಚೆ ಸ್ವಲ್ಪ ಜಾಗ ಬಿಟ್ಟು ತೂತು ಕೊರೆಯುತ್ತಾರೆ, ಬಿರುಕು ಇನ್ನು ಮುಂದೆ ಓಡದಿರಲಿ ಎಂದು. ಆಮೇಲೆ ಬಿರುಕಿನುದ್ದಕ್ಕೂ ತೂತು ಕೊರೆದು, ಚೂಡಿ (ತಿರುಪಿನ ಎಳೆ) ಹಾಕಿ, ಲೋಹದ ಪಿನ್ ಬಿಗಿದು ತಲೆ ಕತ್ತರಿಸುತ್ತಾರೆ. ಮುಂದಿನ ತೂತು ಹಿಂದಿನ ಪಿನ್ನಿನ ಅಂಚನ್ನು ಕಚ್ಚಿಕೊಂಡೇ ಬರಬೇಕು, ನಡುವೆ ಹಳೆಯ ಬಿರುಕು ಒಂದಿಷ್ಟೂ ಉಳಿಯಬಾರದು. ಈ ಕೆಲಸದ ಪಿನ್ನುಗಳ ಚೂಡಿ ಕೊಕ್ಕೆಯಂತೆ ಬಾಗಿರುತ್ತದೆ, ಬಿಗಿದಷ್ಟೂ ಎರಡೂ ದಡವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಾಧಾರಣ ಬೋಲ್ಟಿನ ಚೂಡಿ ಹಾಗಲ್ಲ, ಬಿಗಿದಾಗ ದಡಗಳನ್ನು ದೂರ ತಳ್ಳುತ್ತದೆ. ಆದ್ದರಿಂದ ‘ಬೋಲ್ಟ್ ಕತ್ತರಿಸಿ ನಾನೇ ಹೊಲಿಯುತ್ತೇನೆ’ ಎನ್ನುವವರಿಗೆ ನಿಮ್ಮ ಬ್ಲಾಕ್ ಕೊಡಬೇಡಿ. ಭಾರ ಬೀಳುವ ಜಾಗದಲ್ಲಿ ಬಿರುಕಿಗೆ ಅಡ್ಡಲಾಗಿ ಲಾಕ್ ಪಟ್ಟಿಗಳನ್ನೂ ಕೂರಿಸುತ್ತಾರೆ. ಕೊನೆಗೆ ತಟ್ಟಿ, ಉಜ್ಜಿ, ಬಣ್ಣ ಹೊಡೆದರೆ ಎಲ್ಲಿ ಹೊಲಿದದ್ದು ಎಂದು ಹುಡುಕಬೇಕಾಗುತ್ತದೆ.

ಕೆಲಸ ಒಪ್ಪಿಸುವ ಮೊದಲು ಒಂದೇ ಮಾತು ಕೇಳಿ: ಮುಗಿದ ಮೇಲೆ ಬ್ಲಾಕನ್ನು ಬಿಸಿನೀರಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿ ನನ್ನ ಕಣ್ಣೆದುರು ತೋರಿಸುತ್ತೀರಾ? ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಕಾದಾಗ ಬಾಯಿ ಬಿಡುತ್ತದೆ. ತಣ್ಣೀರಿನ ಟೆಸ್ಟಿನಲ್ಲಿ ಪಾಸಾದ ಬ್ಲಾಕ್ ಗಾಡಿಗೆ ಏರಿದ ಮೇಲೆ ಸೋರಿದ್ದನ್ನು ಕಂಡಿದ್ದೇನೆ. ಈ ಪ್ರಶ್ನೆಗೆ ತಡವರಿಸುವವರಲ್ಲಿ ಕೆಲಸ ಬೇಡ.

ಸೀಲರ್ ಬಾಟಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಥ ಹಲವು ಬಾಟಲಿಗಳಲ್ಲಿರುವುದು ಸೋಡಿಯಂ ಸಿಲಿಕೇಟ್, ಸೋರುವ ಜಾಗದ ಶಾಖಕ್ಕೆ ನೀರು ಆರಿ ಗಾಜಿನಂತೆ ಗಟ್ಟಿಯಾಗುವ ವಸ್ತು. ಕೂದಲೆಳೆ ಬಿರುಕನ್ನು ಅದು ಕೆಲವು ಕಾಲ ಮುಚ್ಚಬಲ್ಲದು, ಇದು ಸುಳ್ಳಲ್ಲ. ಮಾರುವ ಮುನ್ನ ಸುರಿದು ಕೈತೊಳೆದುಕೊಳ್ಳುವವರೂ ಇದ್ದಾರೆ. ಆದರೆ ಅದಕ್ಕೆ ಬಿರುಕು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಎಂಬ ಭೇದ ಗೊತ್ತಿಲ್ಲ. ನಿಮ್ಮಲ್ಲಿ ಕೂಲೆಂಟ್ ಆಯಿಲಿಗೆ ಹೋಗುತ್ತಿದೆ, ಹಿಂದೆಯೇ ಸೀಲರೂ ಬೇರಿಂಗಿಗೆ ಹೋಗುತ್ತದೆ. ಬೇಡ. ಹೊರಗಿನಿಂದ ಎಪಾಕ್ಸಿ ಮೆತ್ತುವುದೂ ಹೀಗೆಯೇ, ಗಾಡಿಯನ್ನು ಮನೆ ಮುಟ್ಟಿಸಲು ಅಡ್ಡಿಯಿಲ್ಲ. ನಾಳೆ ಹೊಲಿಯಲು ಕೂತವನು ಅದನ್ನು ಕೆರೆದು ತೆಗೆಯುತ್ತ ನಿಮ್ಮನ್ನು ಬೈದುಕೊಳ್ಳುತ್ತಾನೆ ಅಷ್ಟೆ.

ನಿಮ್ಮದು ಬೀಡಿನ ಬ್ಲಾಕ್ ಆದ್ದರಿಂದ ಅಲ್ಯೂಮಿನಿಯಂ ವಿಚಾರ ಚುಟುಕಾಗಿ: ಅದನ್ನು ಟಿಗ್ ವೆಲ್ಡಿಂಗ್‌ನಲ್ಲಿ ಕೂಡಿಸುವುದು ರೂಢಿ, ಕಬ್ಬಿಣದ ಪುಡಿಯ ಟೆಸ್ಟ್ ನಡೆಯುವುದಿಲ್ಲವಾದ್ದರಿಂದ ಬಣ್ಣದ ದ್ರಾವಣ ಹಚ್ಚಿ ಬಿರುಕು ನೋಡಬೇಕು, ಓವರ್‌ಹೀಟ್ ಆದ ಬ್ಲಾಕಿನಲ್ಲಿ ಹೆಡ್ ಬೋಲ್ಟಿನ ಚೂಡಿ ಕಿತ್ತು ಬಂದಿದೆಯೇ ಎಂದೂ ನೋಡಬೇಕು. ಕೆಲವುಗಳ ಬೋರಿಗೆ ಬಹಳ ತೆಳುವಾದ ಗಡಸು ಲೇಪವಿರುತ್ತದೆ. ಅಂಥವನ್ನು ಮಾಮೂಲಿ ಬೋರಿಂಗ್‌ಗೆ ಕೊಟ್ಟರೆ ಕೆಟ್ಟಿತು.

ಬದಲಾಯಿಸುವ ದಾರಿಗೂ ಅದರದೇ ಮುಳ್ಳುಗಳಿವೆ. ಹೊಸ ಬರಿ ಬ್ಲಾಕ್ ತಂದರೆ ಎಂಜಿನ್ ಹೊಸದಾಗುತ್ತದೆ ಎಂದುಕೊಳ್ಳುತ್ತಾರೆ. ಬರಿ ಬ್ಲಾಕ್ ಎಂದರೆ ಎರಕದ ಪೆಟ್ಟಿಗೆ. ನಿಮ್ಮ ಹಳೆಯ ಕ್ರ್ಯಾಂಕ್, ಕೂಲೆಂಟ್ ಕುಡಿದ ಆಯಿಲಿನಲ್ಲಿ ತಿರುಗಿದ ಕ್ರ್ಯಾಂಕ್, ಅದರೊಳಗೇ ಹೋಗಿ ಕೂರಬೇಕು. ಬೇರಿಂಗ್, ರಿಂಗ್, ಪೂರಾ ಗ್ಯಾಸ್ಕೆಟ್ ಸೆಟ್, ಹೊಸ ಹೆಡ್ ಬೋಲ್ಟ್, ಪ್ರತಿಯೊಂದು ಸಂದಿನ ಅಳತೆ, ಕೂಲಿ ಎಲ್ಲವೂ ಇದರ ಮೇಲೆ. ಹೆಡ್ ಬೋಲ್ಟ್ ಎಂದಾಗ ನೆನಪಾಯಿತು: ಹಿಗ್ಗುವಷ್ಟು ಬಿಗಿಯುವ ಬಗೆಯ ಬೋಲ್ಟುಗಳನ್ನು ಎರಡನೇ ಬಾರಿ ಬಳಸಬಾರದು. ನಿಮ್ಮ ಗ್ಯಾಸ್ಕೆಟ್ ಬದಲಾಯಿಸಿದಾಗ ಹಳೆ ಬೋಲ್ಟನ್ನೇ ಹಾಕಿದ್ದಾರೆಯೇ ಕೇಳಿ. ನಿಮ್ಮ ಎರಡನೆಯ ಕಾಯಿಲೆ ಅಲ್ಲೂ ಇರಬಹುದು.

ಕ್ರ್ಯಾಂಕ್, ಪಿಸ್ಟನ್ ಸಮೇತ ಕಟ್ಟಿದ ಅರ್ಧ ಎಂಜಿನ್ ಸಿಕ್ಕಿದರೆ ತಲೆನೋವು ಕಡಿಮೆ, ತಯಾರಕರು ಮರುನಿರ್ಮಿಸಿ ಗ್ಯಾರಂಟಿಯೊಡನೆ ಕೊಡುವ ಎಂಜಿನ್ ಸಿಕ್ಕಿದರೆ ಇನ್ನೂ ಕಡಿಮೆ, ದುಡ್ಡು ಮಾತ್ರ ಹೆಚ್ಚು. ಅಗ್ಗವೆಂದು ಹೆಚ್ಚಿನವರು ಹೋಗುವುದು ಗುಜರಿಯ ಹಳೆ ಎಂಜಿನ್ನಿಗೆ. ಆ ಎಂಜಿನ್ ಅಲ್ಲಿಗೆ ಯಾಕೆ ಬಂತು ಎಂದು ಮೊದಲು ಕೇಳಿ. ಅಪಘಾತದಲ್ಲಿ ನುಜ್ಜಾದ ಗಾಡಿಯಿಂದ ಇಳಿಸಿದ್ದಾದರೆ ಒಳ್ಳೆಯದು, ಬಹುಶಃ ಓಡುತ್ತಿದ್ದ ಎಂಜಿನ್. ಕಾರಣ ಹೇಳದಿದ್ದರೆ ಅದಕ್ಕೂ ನಿಮ್ಮದೇ ಕಾಯಿಲೆ ಇದ್ದೀತು. ಸಂಪ್ ಬಿಚ್ಚಿಸಿ ಒಂದಾದರೂ ಬೇರಿಂಗ್ ನೋಡಿ, ಆಯಿಲ್ ತುಂಬುವ ಮುಚ್ಚಳದ ಒಳಮೈಯಲ್ಲಿ ಬಿಳಿ ಕೆನೆ ಇದೆಯೇ ನೋಡಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಹೊರಗೆಲ್ಲ ಥಳಥಳ ತೊಳೆದಿಟ್ಟ ಎಂಜಿನ್ನಿಗಿಂತ ಸಹಜ ಕೊಳೆಯಿರುವ ಎಂಜಿನ್ ಮೇಲೆ ನನಗೆ ನಂಬಿಕೆ ಹೆಚ್ಚು, ಸೋರಿಕೆ ಇದ್ದರೆ ಆ ಕೊಳೆಯೇ ತೋರಿಸಿಕೊಡುತ್ತದೆ. ಬ್ಲಾಕಿನ ಮೇಲೆ ಕೆತ್ತಿದ ಎಂಜಿನ್ ನಂಬರ್ ನಿಮ್ಮ ನೋಂದಣಿ ದಾಖಲೆಯಲ್ಲಿದ್ದರೆ, ಬ್ಲಾಕ್ ಬದಲಾದಾಗ ಅದನ್ನೂ ತಿದ್ದಿಸಬೇಕು. ಖರೀದಿಯ ರಶೀದಿ ಇಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ.

ಲೆಕ್ಕ ಹಾಕುವಾಗ ನಾನು ಗಿರಾಕಿಗಳಿಗೆ ಹೇಳುವುದು ಹೀಗೆ. ರಿಪೇರಿಯ ಒಟ್ಟು ಖರ್ಚು, ಎಂಜಿನ್ ಇಳಿಸಿ ಏರಿಸುವ ಕೂಲಿ, ಗಾಡಿ ನಿಂತ ದಿನಗಳ ನಷ್ಟ ಸೇರಿ, ಒಳ್ಳೆಯ ಬದಲಿ ಎಂಜಿನ್ನಿನ ಖರ್ಚಿನ ಅರ್ಧ ದಾಟಿದರೆ ಬದಲಾಯಿಸಿ. ಇದು ಶಾಸ್ತ್ರವಲ್ಲ, ನನ್ನ ರೂಢಿ. ನಿಮ್ಮ ಗಾಡಿ 2,10,000 ಕಿ.ಮೀ. ಓಡಿರುವುದರಿಂದ ಬೋರಿನ ಸವೆತವನ್ನೂ ಅಳೆಸಬೇಕು. ಮೇಲೆ ಒಂದಳತೆ, ಕೆಳಗೆ ಒಂದಳತೆ. ವ್ಯತ್ಯಾಸ ತಯಾರಕರ ಮಿತಿ ದಾಟಿದ್ದರೆ ಹೇಗೂ ಲೈನರ್ ಅಥವಾ ಬೋರಿಂಗ್ ಕೆಲಸ ಆಗಲೇಬೇಕು, ಆಗ ತಕ್ಕಡಿ ಬದಲಿ ಎಂಜಿನ್ ಕಡೆ ವಾಲಬಹುದು.

ನಿಮ್ಮ ಮಟ್ಟಿಗೆ ನನ್ನ ಅಂದಾಜು ಇದು. ಹೆಡ್, ಆಯಿಲ್ ಕೂಲರ್, ಲೈನರ್ ರಿಂಗ್ ಈ ಮೂರರಲ್ಲಿ ಒಂದು ಸಿಕ್ಕಿಬೀಳುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ಅದನ್ನು ಸರಿಪಡಿಸಿ, ಹೊರಗಿನ ಗೆರೆ ಹೊಲಿಸಿ, ಮೇನ್ ಮತ್ತು ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ) ಬೇರಿಂಗ್‌ಗಳನ್ನು ನೋಡಲು ಚೆನ್ನಾಗಿದ್ದರೂ ಬದಲಾಯಿಸಿ, ಬ್ಲಾಕ್ ಉಳಿಸಿಕೊಳ್ಳಿ. ಒಂದೇ ಸಿಲಿಂಡರಿನ ಗೋಡೆ ಸೀಳಿದ್ದರೆ ಸ್ಲೀವ್ ಮತ್ತು ಹೊಲಿಗೆಯ ಒಟ್ಟು ಖರ್ಚು ಬರೆದುಕೊಂಡು ಮೇಲಿನ ಅರ್ಧದ ಲೆಕ್ಕಕ್ಕೆ ಹಿಡಿಯಿರಿ. ಬಿರುಕು ಕೆಳಗಿಳಿದು ಮೇನ್ ಬೇರಿಂಗ್ ಗೋಡೆ ಮುಟ್ಟಿದ್ದರೆ ಯೋಚಿಸಬೇಡಿ, ಬದಲಾಯಿಸಿ.

ಇಷ್ಟಕ್ಕೆಲ್ಲ ವಾರಗಳು ಹಿಡಿಯಬಹುದು. ಅಲ್ಲಿಯವರೆಗೆ ಒಂದೇ ಒಂದು ಸಲವೂ ಸ್ಟಾರ್ಟ್ ಮಾಡಬೇಡಿ, ಗ್ಯಾರೇಜಿಗೆ ಎಳೆದುಕೊಂಡೇ ಹೋಗಿ. ಆ ಆಯಿಲನ್ನು ಇವತ್ತೇ ಇಳಿಸಿ, ಕೂಲೆಂಟನ್ನೂ ಖಾಲಿ ಮಾಡಿ. ಕೂಲೆಂಟ್ ಬೆರೆತ ಆಯಿಲಿನಲ್ಲಿ ನಿಂತಷ್ಟು ದಿನವೂ ಬೇರಿಂಗ್ ಮತ್ತು ಕ್ರ್ಯಾಂಕ್ ಕೊರೆದುಹೋಗುತ್ತಿರುತ್ತವೆ. ಡ್ರೇನ್ ಬೋಲ್ಟನ್ನು ಪೂರ್ತಿ ಬಿಚ್ಚುವ ಮೊದಲು ನಿಧಾನವಾಗಿ ಸಡಿಲಿಸಿ, ಕೆಳಗೊಂದು ಪಾರದರ್ಶಕ ಬಾಟಲಿ ಹಿಡಿಯಿರಿ. ಗಾಡಿ ರಾತ್ರಿಯಿಡೀ ನಿಂತಿದ್ದರೆ, ಆಯಿಲಿನಲ್ಲಿ ಪೂರ್ತಿ ಕಲೆಯದ ಕೂಲೆಂಟ್ ಭಾರಕ್ಕೆ ತಳ ಸೇರಿ ಮೊದಲು ಅದೇ ಬರುತ್ತದೆ. ಎಷ್ಟು ಬಂತು ಎಂದು ಬಾಟಲಿಯ ಮೇಲೆ ಗೆರೆ ಎಳೆದು, ಎಂಜಿನ್ ಬಿಚ್ಚುವವರಿಗೆ ತೋರಿಸಿ.